ಧ್ರುವ ಪ್ರಭೆ ನೋಡುವ ಆಸೆಯಾ? ಐದು ರಾತ್ರಿ ಎತ್ತಿಡಿ

"ಜೀವನದಲ್ಲಿ ಒಂದು ಸಲ ಆದ್ರೂ ನಾರ್ದರ್ನ್ ಲೈಟ್ಸ್ ನೋಡಬೇಕು" ಎನ್ನುವವರು ನನ್ನ ಸುತ್ತ ತುಂಬಾ ಜನ ಇದ್ದಾರೆ. ನಾರ್ದರ್ನ್ ಲೈಟ್ಸ್ ಅಂದರೆ ಧ್ರುವ ಪ್ರಭೆ, ಉತ್ತರ ಧ್ರುವದ ಕಡೆಯ ಊರುಗಳಲ್ಲಿ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು. ನನಗೂ ಹನ್ನೆರಡು ವರ್ಷದಿಂದ ಇದ್ದ ಆಸೆ ಅದು. ಕೊನೆಗೂ ನಾನು, ನನ್ನ ಹೆಂಡತಿ ನಾರ್ವೆಯ ಟ್ರೊಮ್ಸೊ ಊರಿಗೆ ಹೋದೆವು. ಮೂರನೇ ರಾತ್ರಿ ಅದು ಕಾಣಿಸಿತು. ಎರಡೇ ರಾತ್ರಿಗೆ ಅಂತ ಹೋಗಿದ್ದರೆ ಮೋಡ ನೋಡಿಕೊಂಡು ವಾಪಸ್ ಬರುತ್ತಿದ್ದೆವು. ಹಾಗೆ ಬಂದವರನ್ನೂ ನಾನು ಬಲ್ಲೆ. ಅಷ್ಟು ದುಡ್ಡು, ಅಷ್ಟು ದೂರ, ಕೊನೆಗೆ ಏನೂ ಕಾಣದೆ ಮರಳುವುದು ಎಂಥ ನೋವು ಅಲ್ವಾ? ಅದು ನಿಮಗೆ ಆಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಆ ಬೆಳಕು ಏನು ಅಂತ ಎರಡು ಮಾತು. ಎಲ್ಲಿಗೆ, ಯಾವಾಗ ಹೋಗಬೇಕು ಅನ್ನುವುದೆಲ್ಲ ಇದರ ಮೇಲೇ ನಿಂತಿದೆ. ಸೂರ್ಯನಿಂದ ವಿದ್ಯುತ್ ಕಣಗಳ ಗಾಳಿ ಸದಾ ಬೀಸುತ್ತಿರುತ್ತದೆ. ಅದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ. ಆಗ ಕಣಗಳು ಧ್ರುವಗಳ ಕಡೆಗೆ ರಭಸದಿಂದ ಇಳಿದು, ನಮ್ಮ ವಾತಾವರಣದ ಮೇಲಿನ ಪದರಕ್ಕೆ ಬಡಿಯುತ್ತವೆ. 100ರಿಂದ 150 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕಕ್ಕೆ ಬಡಿದರೆ ಹಸಿರು. 200 ಕಿಲೋಮೀಟರ್‌ಗಿಂತ ಮೇಲಾದರೆ ಕೆಂಪು. ಕೆಳಗೆ ಸಾರಜನಕಕ್ಕೆ ಬಡಿದರೆ ಅಂಚಿನಲ್ಲಿ ಗುಲಾಬಿ, ನೇರಳೆ. ಇದೆಲ್ಲ ನಡೆಯುವುದು ಕಾಂತಧ್ರುವದ ಸುತ್ತ ಬಳೆಯ ಹಾಗಿರುವ ಒಂದು ಪಟ್ಟಿಯಲ್ಲಿ. ಆ ಬಳೆಯ ಕೆಳಗೆ ಹೋಗಿ ನಿಲ್ಲಬೇಕು. ಆಕಾಶ ಕತ್ತಲಾಗಿರಬೇಕು. ಮೋಡ ಇರಬಾರದು. ಈ ಮೂರು ಕೂಡಿಬಂದರೆ ಕೆಲಸ ಮುಕ್ಕಾಲು ಆದ ಹಾಗೆ.

ಲಡಾಖ್‌ನಲ್ಲಿ ನೋಡಬಹುದಾ?

ಇದನ್ನು ಎಲ್ಲರೂ ಕೇಳುತ್ತಾರೆ. 2024ರ ಮೇ 10-11ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂದಾಗ ಲಡಾಖ್‌ನ ಹಾನ್ಲೆಯಲ್ಲಿ ಆಕಾಶದಂಚು ಕೆಂಪಾಗಿದ್ದು ನಿಜ. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಅವರ ಕ್ಯಾಮೆರಾಗಳಲ್ಲಿ ಆ ಕೆಂಪು ಸೆರೆಯಾಯಿತು. ಆ ಚಿತ್ರ ನೋಡಿ ನನಗೂ ರೋಮಾಂಚನ ಆಗಿತ್ತು. ಆದರೆ ಅಂಥ ಬಿರುಗಾಳಿ ಬಹಳ ಅಪರೂಪ. ಬಂದರೂ ಅಲ್ಲಿ ಕಾಣುವುದು ಕ್ಯಾಮೆರಾಗೆ ಸಿಗುವ ಮಸುಕು ಕೆಂಪು. ನೆತ್ತಿಯ ಮೇಲೆ ಕುಣಿಯುವ ಹಸಿರು ಪರದೆ ಬೇಕೆಂದರೆ ಉತ್ತರಕ್ಕೆ ಹೋಗಲೇಬೇಕು.

ಹೆಜ್ಜೆ 1: ಗೋಡೆಯ ಕ್ಯಾಲೆಂಡರ್ ತೆಗೆಯಿರಿ

ನಮ್ಮಲ್ಲಿ ಆಗುವ ದೊಡ್ಡ ತಪ್ಪು ಇಲ್ಲೇ. ಮಕ್ಕಳಿಗೆ ಬೇಸಿಗೆ ರಜೆ ಅಂತ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಯುರೋಪ್ ಪ್ರವಾಸ ಹಾಕುತ್ತೇವೆ. ಟ್ರೊಮ್ಸೊದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅದರ ಹಿಂದೆ ಮುಂದೆಯೂ ಕೆಲವು ವಾರ ರಾತ್ರಿಯ ಆಕಾಶ ಬೆಳ್ಳಗೇ ಇರುತ್ತದೆ. ಬೆಳಕಿನ ಆಟ ಮೇಲೆ ನಡೆಯುತ್ತಿದ್ದರೂ ನಮಗೆ ಕಾಣುವುದಿಲ್ಲ. ಹಾಗಾಗಿ ಸೆಪ್ಟೆಂಬರ್ ಮೊದಲ ವಾರದಿಂದ ಏಪ್ರಿಲ್ ಮೊದಲ ವಾರದ ಒಳಗೆ ಹೋಗಿ.

ಅದರಲ್ಲೂ ಎರಡು ಕಾಲ ಒಳ್ಳೆಯದು. ಹಗಲು-ರಾತ್ರಿ ಸಮನಾಗುವ ಸೆಪ್ಟೆಂಬರ್ ಮತ್ತು ಮಾರ್ಚ್ ಆಸುಪಾಸಿನಲ್ಲಿ ಭೂಮಿಯ ಕಾಂತಕ್ಷೇತ್ರ ಸೌರಗಾಳಿಗೆ ಹೆಚ್ಚು ಸುಲಭವಾಗಿ ಬಾಗಿಲು ತೆರೆಯುತ್ತದೆ. ಧ್ರುವ ಪ್ರಭೆ ಆಗ ಸ್ವಲ್ಪ ಜಾಸ್ತಿ. ಡಿಸೆಂಬರ್‌ನಲ್ಲಿ ಕತ್ತಲು ಹೆಚ್ಚು ಅಂತ ಎಲ್ಲರೂ ಆಗಲೇ ಓಡುತ್ತಾರೆ. ಆದರೆ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯನ ಮುಖವೇ ಕಾಣುವುದಿಲ್ಲ. ಹಗಲಲ್ಲಿ ಊರು ಸುತ್ತುವುದು ಕಷ್ಟ, ಹೋಟೆಲ್ ಬೆಲೆಯೂ ಜಾಸ್ತಿ.

ಇನ್ನು ಚಂದ್ರ. ಹುಣ್ಣಿಮೆ ಬೆಳಕಲ್ಲಿ ಸಣ್ಣ ಪ್ರಭೆ ಮಸುಕಾಗಿಬಿಡುತ್ತದೆ. ಇದಕ್ಕೆ ಯಾವ ಆ್ಯಪ್ ಕೂಡ ಬೇಡ, ಮನೆಯ ಪಂಚಾಂಗ ಸಾಕು. ಮಹಾಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ದಿನ, ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನ ಒಳಗೆ. ಅಂದರೆ ಶಿವರಾತ್ರಿಯ ವಾರ ಟ್ರೊಮ್ಸೊದಲ್ಲಿ ಚಂದ್ರನ ಕಾಟ ಇಲ್ಲ, ಹಿಮ ಇದೆ, ಹಗಲೂ ಸಾಕಷ್ಟು ಇದೆ. ಜಾಗರಣೆಯನ್ನು ಅಲ್ಲೇ ಮಾಡಬಹುದು! ಶಾಲೆಗೆ ಹೋಗುವ ಮಕ್ಕಳಿದ್ದರೆ ದಸರಾ ರಜೆ ನೋಡಿ. ಮಹಾಲಯ ಅಮಾವಾಸ್ಯೆಯಿಂದ ನವರಾತ್ರಿಯ ಮೊದಲ ನಾಲ್ಕೈದು ದಿನದವರೆಗೆ ಚಂದ್ರ ಸಣ್ಣಗಿರುತ್ತಾನೆ. ಚಳಿಯೂ ಅಷ್ಟಿಲ್ಲ. ಕೆರೆಗಳು ಇನ್ನೂ ಹೆಪ್ಪುಗಟ್ಟಿರುವುದಿಲ್ಲವಾದ್ದರಿಂದ ನೀರಲ್ಲೂ ಹಸಿರು ಕಾಣುತ್ತದೆ.

ಹೆಜ್ಜೆ 2: ಊರು ಆರಿಸುವಾಗ ಆಗುಂಬೆ, ಚಳ್ಳಕೆರೆ ನೆನಪಿರಲಿ

ಬಳೆಯ ಕೆಳಗಿನ ಊರುಗಳು ಹಲವು. ನಾರ್ವೆಯ ಟ್ರೊಮ್ಸೊ, ಸ್ವೀಡನ್‌ನ ಅಬಿಸ್ಕೊ ಮತ್ತು ಕಿರುನಾ, ಫಿನ್‌ಲ್ಯಾಂಡ್‌ನ ಉತ್ತರದ ಲ್ಯಾಪ್‌ಲ್ಯಾಂಡ್, ಐಸ್‌ಲ್ಯಾಂಡ್. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಮತ್ತು ಕೆನಡಾದ ಯೆಲ್ಲೋನೈಫ್ ಹತ್ತಿರ. ಅವೆರಡೂ ಒಳನಾಡು, ಚಳಿ ಕಡು, ಆದರೆ ತಿಳಿ ಆಕಾಶ ಸಿಗುವ ಸಾಧ್ಯತೆ ಹೆಚ್ಚು.

ಎಲ್ಲಿ ಮೋಡ ಕಡಿಮೆ ಅನ್ನುವುದೇ ಮುಖ್ಯ. ಇದನ್ನು ಅರ್ಥ ಮಾಡಿಕೊಳ್ಳಲು ನಮಗಿಂತ ಸುಲಭ ಯಾರಿಗೂ ಇಲ್ಲ. ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿಯುತ್ತದೆ, ಚಳ್ಳಕೆರೆ ಒಣಗುತ್ತದೆ. ಅಲ್ಲೂ ಹಾಗೇ. ಅಟ್ಲಾಂಟಿಕ್‌ನ ಮೋಡ ನಾರ್ವೆಯ ಬೆಟ್ಟಗಳಿಗೆ ಬಡಿದು ಕರಾವಳಿಯಲ್ಲಿ ಸುರಿದುಬಿಡುತ್ತದೆ. ಬೆಟ್ಟದ ಆಚೆಗಿರುವ ಅಬಿಸ್ಕೊಗೆ ವರ್ಷಕ್ಕೆ ಬೀಳುವುದು ಸುಮಾರು 300 ಮಿಲಿಮೀಟರ್ ಮಾತ್ರ. ಟ್ರೊಮ್ಸೊ ಕರಾವಳಿ, ಅಂದರೆ ಆಗುಂಬೆ ಕಡೆ. ಅಬಿಸ್ಕೊ ಚಳ್ಳಕೆರೆ ಕಡೆ.

ಹಾಗಿದ್ದೂ ನಾವು ಟ್ರೊಮ್ಸೊ ಆರಿಸಿದೆವು. ಕಾರಣ ಇದೆ. ಅದು ದೊಡ್ಡ ಊರು, ವಿಮಾನ ಸುಲಭ, ಊಟ-ವಸತಿಗೆ ಆಯ್ಕೆ ಜಾಸ್ತಿ. ಸಮುದ್ರದ ಬೆಚ್ಚನೆ ಪ್ರವಾಹ ಇರುವುದರಿಂದ ಮಾಘ-ಫಾಲ್ಗುಣದಲ್ಲೂ ಸಾಮಾನ್ಯವಾಗಿ ಮೈನಸ್ 3, ಮೈನಸ್ 5ರ ಸುತ್ತ ಇರುತ್ತದೆ. ಊರ ಮೇಲೆ ಮೋಡ ಕವಿದರೆ ವ್ಯಾನ್ ಹತ್ತಿ ಎರಡು ಗಂಟೆಯಲ್ಲಿ ಬೆಟ್ಟ ದಾಟಿ ಒಣ ಕಡೆಗೆ ಹೋಗಬಹುದು. ಜನರಿಲ್ಲದ ಜಾಗ, ನಿಶ್ಶಬ್ದ ಬೇಕು ಅನ್ನುವವರು ಅಬಿಸ್ಕೊಗೇ ಹೋಗಿ. ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲಿದೆ. ಆದರೆ ವಯಸ್ಸಾದವರು ಜೊತೆಗಿದ್ದರೆ ನನ್ನ ಸಲಹೆ ಟ್ರೊಮ್ಸೊ.

ಒಂದು ಎಚ್ಚರಿಕೆ. ಫಿನ್‌ಲ್ಯಾಂಡ್‌ನ ರೊವಾನಿಯೆಮಿಯನ್ನು ಎಲ್ಲ ಪ್ಯಾಕೇಜ್‌ನಲ್ಲೂ ಸೇರಿಸುತ್ತಾರೆ. ಮಕ್ಕಳಿಗೆ ಸಾಂತಾ ಹಳ್ಳಿ ಇಷ್ಟ ಆಗುತ್ತದೆ, ಸರಿ. ಆದರೆ ಅದು ಬಳೆಯ ದಕ್ಷಿಣದ ಅಂಚಿನಲ್ಲಿದೆ. ಬೆಳಕು ನೋಡುವುದೇ ಉದ್ದೇಶವಾದರೆ ಇನ್ನೂ 200-300 ಕಿಲೋಮೀಟರ್ ಉತ್ತರಕ್ಕೆ ಹೋಗಿ.

ಹೆಜ್ಜೆ 3: ಒಂದೇ ಊರಿನಲ್ಲಿ ಐದು ರಾತ್ರಿ

"ಒಂಬತ್ತು ದಿನ, ನಾಲ್ಕು ದೇಶ, ಒಂದು ರಾತ್ರಿ ನಾರ್ದರ್ನ್ ಲೈಟ್ಸ್" ಅಂತ ಪ್ಯಾಕೇಜ್ ಸಿಗುತ್ತವೆ. ದಯವಿಟ್ಟು ತಗೋಬೇಡಿ. ಲೆಕ್ಕ ಸರಳ. ಯಾವುದೋ ಒಂದು ರಾತ್ರಿ ಆಕಾಶ ತಿಳಿಯಾಗಿರುವ ಸಾಧ್ಯತೆ ಮೂರರಲ್ಲಿ ಒಂದು ಅಂತ ಇಟ್ಟುಕೊಳ್ಳಿ. ಒಂದೇ ರಾತ್ರಿ ಇದ್ದರೆ ಮೂರರಲ್ಲಿ ಎರಡು ಪಾಲು ನಿರಾಸೆ. ಐದು ರಾತ್ರಿ ಇದ್ದರೆ, ಒಂದಾದರೂ ತಿಳಿ ರಾತ್ರಿ ಸಿಗುವ ಸಾಧ್ಯತೆ ನೂರಕ್ಕೆ 85ಕ್ಕಿಂತ ಮೇಲೆ. ಪ್ಯಾರಿಸ್ ಇನ್ನೊಮ್ಮೆ ನೋಡಿದರಾಯಿತು. ಕೈಯಲ್ಲಿರುವ ದುಡ್ಡಲ್ಲಿ ಹೋಟೆಲ್ ಸಾಧಾರಣದ್ದು ಹಿಡಿದು ರಾತ್ರಿಗಳನ್ನು ಹೆಚ್ಚಿಸಿಕೊಳ್ಳಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದದ್ದರಿಂದ ನಮಗೆ ವಿಮಾನ ಸೇರಿ ಒಬ್ಬರಿಗೆ ಎರಡು ಲಕ್ಷದ ಮೇಲೆ ಸ್ವಲ್ಪ ಖರ್ಚಾಯಿತು.

ಹೆಜ್ಜೆ 4: ವೀಸಾ

ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್ ನಾಲ್ಕಕ್ಕೂ ಒಂದೇ ಶೆಂಗೆನ್ ವೀಸಾ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಅರ್ಜಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಹಾಕಬಹುದು. ಕೊನೆಯ ಗಡುವು 15 ದಿನ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಎರಡು-ಮೂರು ತಿಂಗಳು ಮುಂಚೆ ಹಾಕಿದರೆ ನೆಮ್ಮದಿ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದ ಮಕ್ಕಳಿಗೆ 45 ಯೂರೊ. ಇದರ ಮೇಲೆ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ಪ್ರವಾಸ ವಿಮೆ ಕಡ್ಡಾಯ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಆಫೀಸಿನ ರಜೆ ಪತ್ರ, ದಿನದಿನದ ಪ್ರಯಾಣದ ವಿವರ ಜೋಡಿಸಿ. ವೀಸಾ ಕೈಗೆ ಬರುವವರೆಗೆ ಕ್ಯಾನ್ಸಲ್ ಮಾಡಬಹುದಾದ ಬುಕಿಂಗ್‌ಗಳನ್ನೇ ಮಾಡಿ.

ಹೆಜ್ಜೆ 5: ಬಟ್ಟೆ ಮತ್ತು ಬುತ್ತಿ

ಧ್ರುವ ಪ್ರಭೆ ನೋಡುವುದೆಂದರೆ ಹೆಚ್ಚು ಹೊತ್ತು ಸುಮ್ನೆ ನಿಂತಿರುವುದು. ನಡೆಯುವಾಗ ತಡೆಯುವ ಚಳಿ, ನಿಂತಾಗ ಮೂಳೆಗೆ ಇಳಿಯುತ್ತದೆ.

ಮೈಗೆ ತಾಗುವ ಬಟ್ಟೆ ಉಣ್ಣೆಯದ್ದಿರಲಿ. ಮೆರಿನೊ ಉಣ್ಣೆಯ ಒಳ ಅಂಗಿ, ಒಳ ಪ್ಯಾಂಟ್ ಎರಡು ಜೊತೆ ಸಾಕು. ನಾನು ಮೊದಲ ರಾತ್ರಿ ಒಳಗೆ ಹತ್ತಿ ಬನಿಯನ್ ಹಾಕಿಕೊಂಡೇ ಊರ ನಡುವಿನ ಗುಡ್ಡದ ಮೇಲಿರುವ ಪ್ರೆಸ್ಟ್‌ವಾನೆಟ್ ಕೆರೆಗೆ ಹತ್ತಿದೆ. ಏರಿಗೆ ಬೆವರಿದೆ. ಮೇಲೆ ನಿಂತ ಹತ್ತೇ ನಿಮಿಷದಲ್ಲಿ ಬನಿಯನ್ ಒದ್ದೆ ಬಟ್ಟೆಯಂತೆ ಬೆನ್ನಿಗೆ ಅಂಟಿ, ಹಲ್ಲು ಕಟಕಟ ಶುರುವಾಯಿತು. ಹತ್ತಿ ಬೆವರು ಹಿಡಿದಿಟ್ಟುಕೊಳ್ಳುತ್ತದೆ, ಒಣಗುವುದಿಲ್ಲ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಅದರ ಮೇಲೆ ಫ್ಲೀಸ್ ಅಥವಾ ದಪ್ಪ ಸ್ವೆಟರ್, ಅದರ ಮೇಲೆ ಗಾಳಿ-ನೀರು ತಡೆಯುವ ಜಾಕೆಟ್.

ಶೂ ಒಂದು ಸೈಜ್ ದೊಡ್ಡದಿರಲಿ. ಬಿಗಿ ಶೂಗೆ ಎರಡು ಸಾಕ್ಸ್ ತುರುಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಶೂಗೆ ಸಿಕ್ಕಿಸುವ ಮುಳ್ಳುಪಟ್ಟಿಯನ್ನು ಅಲ್ಲಿ ಬ್ರೊಡ್ಡರ್ ಅನ್ನುತ್ತಾರೆ. ಇಳಿದ ದಿನವೇ ಕೊಳ್ಳಿ. ರಸ್ತೆ ಗಾಜಿನ ಹಾಗೆ ಜಾರುತ್ತದೆ, ಬಿದ್ದರೆ ಪ್ರವಾಸವೇ ಮುಗಿದ ಹಾಗೆ. ಕೈಗೆ ತೆಳು ಗ್ಲೌಸ್, ಅದರ ಮೇಲೆ ಬೆರಳು ಬೇರೆ ಮಾಡದ ದಪ್ಪ ಮಿಟನ್.

ಊಟದ ವಿಷಯಕ್ಕೆ ಬಂದರೆ, ಅಲ್ಲಿ ಹೊರಗೆ ತಿನ್ನುವುದು ತುಂಬಾ ದುಬಾರಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ಯಿರಿ. ಅಕ್ಕಿ, ತರಕಾರಿ, ಮೊಸರು ಅಲ್ಲಿನ ಅಂಗಡಿಯಲ್ಲಿ ಸಿಗುತ್ತದೆ. ನಲ್ಲಿ ನೀರನ್ನೇ ಕುಡಿಯಬಹುದು. ಆದರೆ ತುಪ್ಪ, ಧಾರವಾಡ ಪೇಡ, ಮೈಸೂರ್ ಪಾಕ್ ಬೇಡ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ಒಯ್ಯಲು ಅಲ್ಲಿನ ಕಸ್ಟಮ್ಸ್ ಬಿಡುವುದಿಲ್ಲ.

ಹೆಜ್ಜೆ 6: ಕೆಪಿ ನೋಡಿ, ಅದಕ್ಕಿಂತ ಹೆಚ್ಚಾಗಿ ಮೋಡ ನೋಡಿ

ಎಲ್ಲ ಆ್ಯಪ್‌ಗಳೂ ಕೆಪಿ ಅನ್ನುವ ಸಂಖ್ಯೆ ತೋರಿಸುತ್ತವೆ. ಇಡೀ ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅನ್ನುವ ಅಳತೆ ಅದು, 0ರಿಂದ 9ರವರೆಗೆ. "ಇವತ್ತು ಕೆಪಿ ಎರಡೇ, ಏನೂ ಕಾಣಲ್ಲ" ಅಂತ ಹಾಸಿಗೆ ಹಿಡಿಯುವವರನ್ನು ಅಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲೇ ನೋಡಿದೆ. ಕೆಪಿ ಹೆಚ್ಚಾದಂತೆ ಬಳೆ ದಕ್ಷಿಣಕ್ಕೆ ಹಿಗ್ಗುತ್ತದೆ. ಟ್ರೊಮ್ಸೊ ಮೊದಲೇ ಬಳೆಯ ಕೆಳಗಿದೆ. ಅಲ್ಲಿ ಕೆಪಿ 1, 2 ಇದ್ದರೂ ಸಾಕು. ನಾವು ಕಂಡ ರಾತ್ರಿ ಕೆಪಿ 2 ಇತ್ತು.

ಆಟ ಗೆಲ್ಲಿಸುವುದು ಮೋಡದ ಮುನ್ಸೂಚನೆ. ನಾರ್ವೆಯ ಹವಾಮಾನ ಸಂಸ್ಥೆಯೇ ನಡೆಸುವ ಯರ್ ಅನ್ನುವ ಉಚಿತ ಆ್ಯಪ್ ಇದೆ. ಸಂಜೆ ನಾಲ್ಕಕ್ಕೆ ತೆಗೆದು ಟ್ರೊಮ್ಸೊ, ಪಕ್ಕದ ಕ್ವಾಲೊಯ ದ್ವೀಪ, ಒಳನಾಡಿನ ಶಿಬೋಟ್ನ್, ಫಿನ್‌ಲ್ಯಾಂಡ್ ಗಡಿಯ ಕಿಲ್ಪಿಸ್‌ಯಾರ್ವಿ, ಈ ನಾಲ್ಕೂ ಊರಿನ ಗಂಟೆಗಂಟೆಯ ಮೋಡ ನೋಡಿ. ಎಲ್ಲಿ ತಿಳಿಯೋ ಅಲ್ಲಿಗೆ ಹೊರಡಿ.

ಸ್ವಲ್ಪ ಆಳಕ್ಕೆ ಹೋಗುವ ಮನಸ್ಸಿದ್ದರೆ ಆ್ಯಪ್‌ನಲ್ಲಿ ಬಿ-ಝಡ್ (Bz) ಅನ್ನುವ ಗೆರೆ ಗಮನಿಸಿ. ಸೌರಗಾಳಿಯ ಜೊತೆ ಬರುವ ಕಾಂತಕ್ಷೇತ್ರ ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನು ಅದು ಹೇಳುತ್ತದೆ. ಅದು ಮೈನಸ್‌ಗೆ ಇಳಿದು ಅಲ್ಲೇ ನಿಂತರೆ ಶೂ ಹಾಕಿಕೊಳ್ಳಿ. ಇದನ್ನು ಅಳೆಯುವ ಉಪಗ್ರಹಗಳು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್-1 ಎಂಬ ಜಾಗದ ಸುತ್ತ ಇವೆ. ಗಾಳಿ ಅಲ್ಲಿಂದ ಇಲ್ಲಿಗೆ ಬರಲು ಅರ್ಧದಿಂದ ಒಂದು ಗಂಟೆ ಬೇಕು. ನಿಮಗೆ ಸಿಗುವ ಸಮಯವೂ ಅಷ್ಟೇ. ಇಸ್ರೋದ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ತಲುಪಿದ್ದು ಇದೇ ಜಾಗಕ್ಕೆ. ಅದರ ಮುಖ್ಯ ಉಪಕರಣ ತಯಾರಾದದ್ದೂ ಅದೇ ಖಭೌತ ಸಂಸ್ಥೆಯಲ್ಲಿ.

"ಸೌರ ಚಟುವಟಿಕೆಯ ಗರಿಷ್ಠ 2024ರಲ್ಲೇ ಮುಗಿಯಿತಂತೆ, ಇನ್ನು ಹೋಗಿ ಏನು?" ಅಂತ ಚಿಂತೆ ಮಾಡಬೇಡಿ. ಬಳೆಯ ಕೆಳಗಿನ ಊರುಗಳಲ್ಲಿ ಇಳಿಮುಖದ ವರ್ಷಗಳಲ್ಲೂ ಪ್ರಭೆ ಚೆನ್ನಾಗಿಯೇ ಬರುತ್ತದೆ. ಸೂರ್ಯ ತನ್ನ ಸುತ್ತ ತಿರುಗಲು ಸುಮಾರು 27 ದಿನ ಬೇಕು. ಸೌರಗಾಳಿ ಜೋರಾಗಿ ಬೀಸುವ ಭಾಗ ಮತ್ತೆ ನಮ್ಮ ಕಡೆ ಮುಖ ಮಾಡುವುದು ಆಗಲೇ. ಹೋಗುವ ಮುಂಚೆ, 27 ದಿನದ ಹಿಂದೆ ಹೇಗಿತ್ತು ಅಂತ ನೋಡಿಕೊಂಡರೆ ಒಂದು ಅಂದಾಜು ಸಿಗುತ್ತದೆ.

ಹೆಜ್ಜೆ 7: ವ್ಯಾನ್ ಹತ್ತಿ

ಹಿಮದ ರಸ್ತೆಯಲ್ಲಿ, ಕತ್ತಲಲ್ಲಿ, ಕಣ್ಣು ಆಕಾಶದ ಕಡೆ ಇಟ್ಟು ನೀವೇ ಕಾರು ಓಡಿಸುವುದು ಬೇಡ. ರಸ್ತೆಗೆ ಹಿಮಸಾರಂಗ ಅಡ್ಡ ಬರುತ್ತದೆ. ಮಾರ್ಗದರ್ಶಿ ಇರುವ ವ್ಯಾನ್‌ಗಳು ಸಂಜೆ ಆರೇಳಕ್ಕೆ ಹೊರಟು ಮಧ್ಯರಾತ್ರಿ ಮೀರಿ ವಾಪಸ್ ತರುತ್ತವೆ. ಒಬ್ಬರಿಗೆ ಸುಮಾರು 1000ದಿಂದ 2000 ಕ್ರೋನ್ ಆಗುತ್ತದೆ. ನಾವು ಹೋದಾಗ ಒಂದು ಕ್ರೋನ್ ಅಂದರೆ ಎಂಟು-ಒಂಬತ್ತು ರೂಪಾಯಿ ಇತ್ತು. ದೊಡ್ಡ ಬಸ್ಸಿಗಿಂತ ಚಿಕ್ಕ ವ್ಯಾನ್ ವಾಸಿ, ಮೋಡ ಬಂದರೆ ತಕ್ಷಣ ಜಾಗ ಬದಲಿಸುತ್ತದೆ. ಬುಕ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: "ಊರಲ್ಲಿ ಮೋಡ ಇದ್ದರೆ ಎಷ್ಟು ದೂರ ಹೋಗುತ್ತೀರಿ?" ಗಡಿಯವರೆಗೂ ಹೋಗುತ್ತೇವೆ ಅಂದವರನ್ನು ಹಿಡಿಯಿರಿ. ಗಡಿ ದಾಟಬಹುದಾದ್ದರಿಂದ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಐದೂ ರಾತ್ರಿ ವ್ಯಾನ್ ಬೇಕಿಲ್ಲ, ಒಂದೆರಡು ಸಾಕು. ಉಳಿದ ರಾತ್ರಿ ಪ್ರೆಸ್ಟ್‌ವಾನೆಟ್ ಕೆರೆ ಅಥವಾ ಟ್ರೊಮ್ಸೊ ಊರಿರುವ ದ್ವೀಪದ ದಕ್ಷಿಣ ತುದಿಯ ಟೆಲೆಗ್ರಾಫ್‌ಬುಕ್ತಾ ಕಡಲತೀರ ಇದೆ.

ಹೆಜ್ಜೆ 8: ಬೂದು ಮೋಡವನ್ನು ಬಿಡಬೇಡಿ

ಇದನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಮೂರನೇ ರಾತ್ರಿ ಒಂಬತ್ತೂವರೆಗೆ ಶಿಬೋಟ್ನ್ ಹತ್ತಿರ ವ್ಯಾನ್ ನಿಂತಿತು. ದೀಪ ಆರಿಸಿದರು. ಬೆಟ್ಟದ ಮೇಲೆ ಬೂದು ಬಣ್ಣದ ಒಂದು ಪಟ್ಟಿ ಇತ್ತು, ಥೇಟ್ ತೆಳು ಮೋಡ. ನನ್ನ ಹೆಂಡತಿ ಫೋನ್ ಎತ್ತಿ ಮೂರು ಸೆಕೆಂಡಿನ ಒಂದು ಫೋಟೊ ತೆಗೆದಳು. ಪರದೆಯಲ್ಲಿ ಆ ಮೋಡ ಎಳೆ ಭತ್ತದ ಗದ್ದೆಯಷ್ಟು ಹಸಿರಾಗಿತ್ತು. ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಕ್ಯಾಮೆರಾಗೆ ತಿಳಿಯುತ್ತದೆ. ಹಾಗಾಗಿ ಅನುಮಾನ ಬಂದ ಪ್ರತಿ ಮೋಡಕ್ಕೂ ಒಂದು ಫೋಟೊ ತೆಗೆದು ನೋಡಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು. ಟಾರ್ಚ್ ಹಾಕಬೇಡಿ, ಫೋನಿನ ಬೆಳಕು ಕನಿಷ್ಠಕ್ಕೆ ಇಳಿಸಿ.

ಹತ್ತೂಕಾಲಿಗೆ ಆ ಪಟ್ಟಿ ಅಲುಗಾಡಿತು. ಇಬ್ಬರು ಎರಡು ತುದಿ ಹಿಡಿದು ಒದ್ದೆ ಸೀರೆ ಕೊಡವುತ್ತಾರಲ್ಲ, ಹಾಗೆ ಈ ಬೆಟ್ಟದಿಂದ ಆ ಬೆಟ್ಟದವರೆಗೆ ಒಂದು ಅಲೆ ಓಡಿತು. ಈಗ ಬರಿಗಣ್ಣಿಗೇ ಹಸಿರು. ಕೆಳಗಿನ ಅಂಚಿನಲ್ಲಿ ಗುಲಾಬಿ ಜರಿ. ನೆತ್ತಿಯ ಮೇಲೆ ಬಂದಾಗ ನಾಲ್ಕೂ ಕಡೆಗೆ ಕಿರಣ ಚೆಲ್ಲಿ, ಕೆಳಗಿನ ಹಿಮವೂ ಹಸಿರಾಯಿತು. ಸದ್ದಿಲ್ಲ. ನನ್ನ ಪಕ್ಕ ನಿಂತಿದ್ದವಳು ಅಳುತ್ತಿದ್ದಳು. ಆ ಜೋರು ಕುಣಿತ ಇದ್ದದ್ದು ಏಳೆಂಟು ನಿಮಿಷ ಅಷ್ಟೇ.

ಅದು ಮಸುಕಾದ ತಕ್ಷಣ ಕೆಲವರು ವ್ಯಾನ್ ಒಳಗೆ ಹೋದರು. ನೀವು ಹೋಗಬೇಡಿ. ಪ್ರಭೆ ಅಲೆ ಅಲೆಯಾಗಿ ಬರುತ್ತದೆ. ಅಂದು ಸುಮಾರು ಒಂದು ಗಂಟೆ ಬಿಟ್ಟು ಮತ್ತೆ ಬಂತು.

ಹೆಜ್ಜೆ 9: ಫೋಟೊ

ಫೋನ್ ಆದರೆ ನೈಟ್ ಮೋಡ್ ಹಾಕಿ, ಪುಟ್ಟ ಟ್ರೈಪಾಡ್ ಮೇಲಿಡಿ. ಕ್ಯಾಮೆರಾ ಆದರೆ ಅಗಲದ ಲೆನ್ಸ್, ಅಪರ್ಚರ್ 2.8 ಅಥವಾ ಅದಕ್ಕಿಂತ ತೆರೆದದ್ದು, ಐಎಸ್‌ಒ 1600ರಿಂದ 3200. ಪ್ರಭೆ ನಿಧಾನವಾಗಿದ್ದರೆ ಶಟರ್ 10 ಸೆಕೆಂಡ್ ತೆರೆದಿಡಿ, ಕುಣಿಯುತ್ತಿದ್ದರೆ 2-3 ಸೆಕೆಂಡ್. ಆಟೋಫೋಕಸ್ ಆಫ್ ಮಾಡಿ, ದೂರದ ಒಂದು ನಕ್ಷತ್ರಕ್ಕೆ ಕೈಯಲ್ಲೇ ಫೋಕಸ್ ಹಿಡಿಯಿರಿ. ಇದನ್ನೆಲ್ಲ ಊರಲ್ಲೇ ಟೆರೇಸ್ ಮೇಲೆ ನಾಲ್ಕು ರಾತ್ರಿ ಅಭ್ಯಾಸ ಮಾಡಿಕೊಂಡು ಹೋಗಿ. ಮಿಟನ್ ತೆಗೆದ ಬೆರಳು ಅಲ್ಲಿ ಎರಡು ನಿಮಿಷಕ್ಕೇ ಮರಗಟ್ಟುತ್ತದೆ. ಬ್ಯಾಟರಿ ಚಳಿಗೆ ಬೇಗ ಖಾಲಿಯಾಗುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಆದರೆ ಮೊದಲ ಅಲೆ ಬಂದಾಗ ದಯವಿಟ್ಟು ಎರಡು ನಿಮಿಷ ಎಲ್ಲ ಕೆಳಗಿಟ್ಟು ಕಣ್ಣಲ್ಲೇ ನೋಡಿ.

ಮನೆಯೊಳಗೆ ಕಾಲಿಡುವ ಮುಂಚೆ, ಹೊರಗಿನ ಚಳಿಯಲ್ಲೇ, ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ. ಇಲ್ಲದಿದ್ದರೆ ಬೆಚ್ಚಗಿನ ಕೋಣೆಯ ತೇವ ಲೆನ್ಸ್ ಒಳಗೆ ಹನಿಯಾಗಿ ಕೂರುತ್ತದೆ. ಎರಡು ಗಂಟೆ ಅದನ್ನು ಮುಟ್ಟಬೇಡಿ. ಅಷ್ಟರಲ್ಲಿ ಒಂದು ಲೋಟ ಕಾಫಿ ಕಾಸಿಕೊಳ್ಳಿ, ಮಲಗುವ ಮುಂಚೆ ಕಿಟಕಿಯ ಪರದೆ ಒಮ್ಮೆ ಸರಿಸಿ. ನಾವು ಸರಿಸಿದಾಗ ರಾತ್ರಿ ಎರಡೂವರೆ. ಬೀದಿದೀಪದ ಮೇಲೆ, ಎದುರು ಮನೆಯ ಹೊಗೆಗೂಡಿನ ಹಿಂದೆ, ತೆಳು ಹಸಿರು ಇನ್ನೂ ಇತ್ತು. ನಾವು ಮತ್ತೆ ಶೂ ಹಾಕಿಕೊಂಡೆವು.